ಬಾಟಲಿಯಲ್ಲಿ ಔಷಧ ಎಷ್ಟಿದೆ? ಬಣ್ಣ ಹೇಳುವ ಲೆಕ್ಕ



"ಡಾಕ್ಟ್ರೇ, ಈ ಬಾಟ್ಲಿ ಒಳಗೆ ಔಷಧಿ ಐತೋ, ಇಲ್ಲಾ ಬರೀ ನೀರು ತುಂಬವ್ರೋ?"

ಕಳೆದ ಮುಂಗಾರಿನಲ್ಲಿ ನಮ್ಮ ಶಿಬಿರದ ವ್ಯಾಪ್ತಿಯ ರೈತರೊಬ್ಬರು ಕೊಟ್ಟಿಗೆ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ ಪ್ರಶ್ನೆ ಇದು. ಅವರ ಎಚ್.ಎಫ್. ಮಿಶ್ರತಳಿ ಹಸು ಎರಡನೇ ಸೂಲಿನದು. ದಿನಕ್ಕೆ 14 ಲೀಟರ್ ಕೊಡುತ್ತಿತ್ತು. ಮಳೆ ಹಿಡಿದು ಕೊಟ್ಟಿಗೆ ಮುಂದೆ ಕೆಸರಾಗಿ, ಗೊರಸಿನ ಸಂದು ಕೊಳೆತು, ಹಿಂಗಾಲು ಊರಲಾರದೆ ನಿಂತಿತ್ತು. ನಾನು ಗಾಯ ತೊಳೆದು, ಸಲ್ಫಾಡಿಮಿಡಿನ್ ಇಂಜೆಕ್ಷನ್ ಕೊಟ್ಟೆ. ಮರುದಿನವೂ ಕೊಟ್ಟೆ, ಅದರ ಮರುದಿನವೂ ಕೊಟ್ಟೆ. ನಾಲ್ಕನೇ ದಿನ ಹೋಗಿ ನೋಡಿದರೆ ಊತ ಇಳಿಯುವ ಬದಲು ಗಿಣ್ಣಿನವರೆಗೆ ಏರಿತ್ತು. ಹಾಲು 5 ಲೀಟರಿಗೆ ಬಂದಿತ್ತು.

ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಮನಸ್ಸಿನಲ್ಲೂ ಅದೇ ಅನುಮಾನ ಹುಟ್ಟಿತ್ತು. ಚಿಕಿತ್ಸೆ ಫಲಿಸದಿದ್ದಾಗ ಬಾಟಲಿಯನ್ನು ಬೈಯುವುದು ಎಲ್ಲರಿಗೂ ಸುಲಭ, ಡಾಕ್ಟರಿಗಂತೂ ಇನ್ನೂ ಸುಲಭ. ಆದರೆ ಬಾಟಲಿಯನ್ನು ಬೈಯುವ ಮೊದಲು ಅಳೆಯಲು ಬರುತ್ತದೆ. ಹೇಗೆ ಅಳೆಯುತ್ತಾರೆ ಎಂಬುದನ್ನು ಈ ಸಂಚಿಕೆಯಲ್ಲಿ ಹೇಳುತ್ತೇನೆ.

ಬಣ್ಣದ ಪರೀಕ್ಷೆ ನಿಮಗೆ ಹೊಸದಲ್ಲ. ಹಾಲಿಗೆ ಹಿಟ್ಟು ಬೆರೆಸಿದ್ದರೆ ಅಯೋಡಿನ್ ಹಾಕಿದಾಗ ನೀಲಿಯಾಗುತ್ತದೆ. ಸೋಡಾ ಬೆರೆಸಿದ್ದರೆ ರೋಸಾಲಿಕ್ ಆಸಿಡ್ ಗುಲಾಬಿ ಕೆಂಪು ತೋರಿಸುತ್ತದೆ. ಯೂರಿಯಾ ಇದ್ದರೆ ಅದರ ಪರೀಕ್ಷಾ ದ್ರಾವಣ ಗಾಢ ಹಳದಿಗೆ ತಿರುಗುತ್ತದೆ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಮನೆಯ ಆರತಿ ತಟ್ಟೆ ನೋಡಿ. ಅರಿಶಿನದ ನೀರಿಗೆ ಒಂದಿಷ್ಟು ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತದೆ. ಸುಣ್ಣ ಬಿಳಿ, ಅರಿಶಿನ ಹಳದಿ, ಎರಡೂ ಸೇರಿದರೆ ಕೆಂಪು. ಎರಡು ವಸ್ತು ಸೇರಿ ಮೊದಲು ಇಲ್ಲದ ಬಣ್ಣ ಹುಟ್ಟಿತಲ್ಲ, ಬಣ್ಣ ಕೊಡುವ ರಾಸಾಯನಿಕ ಕ್ರಿಯೆ ಎಂದರೆ ಇಷ್ಟೇ.

ಈಗ ಎರಡು ಲೋಟ ನೀರು ತೆಗೆದುಕೊಳ್ಳಿ. ಒಂದಕ್ಕೆ ಚಿಟಿಕೆ ಅರಿಶಿನ, ಇನ್ನೊಂದಕ್ಕೆ ಎರಡು ಚಿಟಿಕೆ. ಎರಡಕ್ಕೂ ಸಾಕಷ್ಟು ಸುಣ್ಣದ ತಿಳಿ. ಎರಡನೆಯದು ಹೆಚ್ಚು ಕೆಂಪಾಗುತ್ತದೆ. ಯಾರಾದರೂ ಮೂರನೇ ಲೋಟ ತಂದು "ಇದಕ್ಕೆ ಎಷ್ಟು ಅರಿಶಿನ ಹಾಕಿದ್ದೇನೆ ಹೇಳಿ" ಎಂದರೆ, ಆ ಎರಡು ಲೋಟಗಳ ಪಕ್ಕದಲ್ಲಿಟ್ಟು ನೀವು ಅಂದಾಜು ಹೇಳಬಲ್ಲಿರಿ. ಔಷಧವನ್ನು ಬಣ್ಣದಿಂದ ಅಳೆಯುವ ವಿದ್ಯೆಯ ಬೇರು ಇಲ್ಲಿದೆ. ಹಾಲಿನ ಪರೀಕ್ಷೆಯಲ್ಲಿ ನಾವು "ಇದೆಯೋ, ಇಲ್ಲವೋ" ಎಂದಷ್ಟೇ ಕೇಳುತ್ತೇವೆ. ಔಷಧದಲ್ಲಿ "ಎಷ್ಟಿದೆ" ಎಂದು ಕೇಳಬೇಕು.

ಎಷ್ಟು ಎಂದು ಹೇಳಲು ಕಣ್ಣು ಸಾಲದು. ಬೆಳಗಿನ ಬೆಳಕಿನಲ್ಲಿ ಒಂದು ಥರ, ಟ್ಯೂಬ್‌ಲೈಟಿನ ಕೆಳಗೆ ಇನ್ನೊಂದು ಥರ ಕಾಣುತ್ತದೆ. ಅದಕ್ಕೆ ಕಲರಿಮೀಟರ್, ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣಗಳಿವೆ. ಸಣ್ಣ ಗಾಜಿನ ಪಾತ್ರೆಯಲ್ಲಿ ಬಣ್ಣದ ನೀರಿಟ್ಟು ಒಂದು ಕಡೆಯಿಂದ ಬೆಳಕು ಬಿಟ್ಟರೆ, ಇನ್ನೊಂದು ಕಡೆಗೆ ಎಷ್ಟು ದಾಟಿ ಬಂತು ಎಂದು ಅದು ಅಳೆಯುತ್ತದೆ. ಗುಲಾಬಿ ಬಣ್ಣದ ದ್ರಾವಣ ಹಸಿರು ಬೆಳಕನ್ನು ನುಂಗುತ್ತದೆ, ಆದ್ದರಿಂದ ಅದಕ್ಕೆ ಹಸಿರು ಬೆಳಕನ್ನೇ ಬಿಡುತ್ತಾರೆ. ನುಂಗಿದ ಬೆಳಕಿನ ಲೆಕ್ಕವನ್ನು ಉಪಕರಣ ಒಂದು ಸಂಖ್ಯೆಯಾಗಿ ತೋರಿಸುತ್ತದೆ. ಬಣ್ಣದ ವಸ್ತು ಎರಡು ಪಟ್ಟಾದರೆ ಆ ಸಂಖ್ಯೆಯೂ ಎರಡು ಪಟ್ಟು. ಜರ್ಮನಿಯ ಆಗಸ್ಟ್ ಬಿಯರ್ 1852ರಲ್ಲಿ ಇದನ್ನು ನಿಯಮವಾಗಿ ತೋರಿಸಿಕೊಟ್ಟರು. ದ್ರಾವಣ ತೀರಾ ಗಾಢವಾದರೆ ಈ ನಿಯಮ ತಪ್ಪುತ್ತದೆ. ಹಾಗಾಗಿ ಔಷಧವನ್ನು ಮೊದಲು ಬಹಳ ತೆಳುವಾಗಿಸಿಕೊಳ್ಳುತ್ತಾರೆ.

ಬಣ್ಣದಿಂದಲೇ ಬಂದ ಔಷಧ

ನಾನು ಆ ಹಸುವಿಗೆ ಕೊಟ್ಟ ಸಲ್ಫಾ ಔಷಧದ ಕತೆ ಈ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ 1932ರಲ್ಲಿ ಬಟ್ಟೆ ಬಣ್ಣದ ಜಾತಿಗೆ ಸೇರಿದ ಒಂದು ಕೆಂಪು ವಸ್ತುವನ್ನು ಸೋಂಕು ತಗುಲಿದ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಬದುಕಿದವು. ಅದರ ಹೆಸರು ಪ್ರಾಂಟೋಸಿಲ್. ವಿಚಿತ್ರವೆಂದರೆ ಗಾಜಿನ ಕೊಳವೆಯಲ್ಲಿ ಅದೇ ಬಣ್ಣವನ್ನು ರೋಗಾಣುವಿನ ಮೇಲೆ ಹಾಕಿದರೆ ಅದಕ್ಕೆ ಏನೂ ಆಗುತ್ತಿರಲಿಲ್ಲ. 1935ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಗುಟ್ಟು ಬಿಡಿಸಿದರು. ದೇಹದೊಳಗೆ ಹೋದ ಮೇಲೆ ಆ ಬಣ್ಣ ಎರಡು ತುಂಡಾಗುತ್ತದೆ. ಅದರಲ್ಲಿ ಬಣ್ಣವೇ ಇಲ್ಲದ ಒಂದು ತುಂಡು ನಿಜವಾದ ಔಷಧ, ಸಲ್ಫಾನಿಲಮೈಡ್. ಇವತ್ತು ನಾವು ರಾಸುಗಳಿಗೆ ಬಳಸುವ ಸಲ್ಫಾಡಿಮಿಡಿನ್ ಮೊದಲಾದವೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು.

ಬಣ್ಣವಿಲ್ಲದ ಔಷಧವನ್ನು ಅಳೆಯುವುದು ಹೇಗೆ? 1939ರಲ್ಲಿ ಅಮೆರಿಕದ ಬ್ರಾಟನ್ ಮತ್ತು ಮಾರ್ಷಲ್ ಎಂಬಿಬ್ಬರು ಅದನ್ನು ಮತ್ತೆ ಬಣ್ಣವಾಗಿಸಿಬಿಟ್ಟರು! ದೇಹ ಬಿಡಿಸಿದ್ದ ಗಂಟನ್ನು ಅವರು ಗಾಜಿನ ಕೊಳವೆಯಲ್ಲಿ ತಿರುಗಿ ಹಾಕಿದರು ಎನ್ನಬಹುದು. ಅವರ ವಿಧಾನವನ್ನು ನಾವು ಕಾಲೇಜಿನಲ್ಲಿ ಮಾಡಿದ್ದೆವು. ಆಗ ಅಂಕಕ್ಕಾಗಿ ಮಾಡಿದ್ದೇ ಹೊರತು ಮುಂದೊಂದು ದಿನ ಕೊಟ್ಟಿಗೆಯ ಪ್ರಶ್ನೆಗೆ ಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಸ್ನೇಹಿತೆಗೆ ಫೋನ್ ಮಾಡಿದೆ. ಅವಳು ಮೊದಲು ಕೇಳಿದ್ದು, "ಒಡೆದ ಬಾಟಲಿಯೋ, ಒಡೆಯದ್ದೋ?" ಸೂಜಿ ಚುಚ್ಚಿದ ಬಾಟಲಿಯಲ್ಲಿ ಕೊರತೆ ಕಂಡರೆ ಅದು ತಯಾರಕರ ತಪ್ಪೋ, ಅಂಗಡಿಯದೋ, ನಮ್ಮ ಕೊಟ್ಟಿಗೆಯದೋ ಹೇಳಲು ಬರುವುದಿಲ್ಲ. ಅದೇ ಬ್ಯಾಚ್ ಸಂಖ್ಯೆಯ ಸೀಲ್ ಇರುವ ಇನ್ನೊಂದು ಬಾಟಲಿಯನ್ನೂ ಸೇರಿಸಿ ಎರಡನ್ನೂ ಒಯ್ದು ಕೊಟ್ಟು, ಪರೀಕ್ಷೆ ಮುಗಿಯುವವರೆಗೆ ಅಲ್ಲೇ ನಿಂತೆ.

ಲೇಬಲ್ ಹೇಳುವಂತೆ ಪ್ರತಿ ಮಿ.ಲೀ.ನಲ್ಲಿ 333 ಮಿ.ಗ್ರಾಂ ಔಷಧ ಇರಬೇಕು. ಅವಳು 1 ಮಿ.ಲೀ. ತೆಗೆದು ಒಂದು ಲೀಟರ್ ಮಾಡಿದಳು. ಅದರಲ್ಲಿ 1 ಮಿ.ಲೀ. ತೆಗೆದುಕೊಂಡು, ಎಲ್ಲ ದ್ರಾವಣಗಳನ್ನು ಸೇರಿಸಿ 100 ಮಿ.ಲೀ.ಗೆ ತುಂಬಿಸಬೇಕು. ಅಂದರೆ ಮೂಲ ಔಷಧ ಒಂದು ಲಕ್ಷ ಪಟ್ಟು ತೆಳು. ಲೇಬಲ್ ನಿಜವಾಗಿದ್ದರೆ ಈಗ ಪ್ರತಿ ಮಿ.ಲೀ.ನಲ್ಲಿ 3.33 ಮೈಕ್ರೋಗ್ರಾಂ ಇರಬೇಕು.

ಮೊದಲು ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಮಂಜುಗಡ್ಡೆಯಲ್ಲಿ ತಣ್ಣಗಿಟ್ಟಳು. ಸೋಡಿಯಂ ನೈಟ್ರೈಟ್ ಹಾಕಿದಳು. ಇದು ಸಲ್ಫಾದ ಒಂದು ತುದಿಯನ್ನು ಬೇರೆಯದಕ್ಕೆ ಅಂಟಿಕೊಳ್ಳಲು ಸಿದ್ಧ ಮಾಡುತ್ತದೆ. ಬಿಸಿಯಾದರೆ ಆ ತುದಿ ಕೆಟ್ಟುಹೋಗುತ್ತದೆ, ಅದಕ್ಕೇ ಮಂಜುಗಡ್ಡೆ. ಉಳಿದ ನೈಟ್ರೈಟನ್ನು ಸಲ್ಫಾಮಿಕ್ ಆಮ್ಲದಿಂದ ಕಳೆಯಬೇಕು. ಕಳೆಯದಿದ್ದರೆ ಅದು ಮುಂದಿನ ದ್ರಾವಣವನ್ನೇ ಹಾಳುಮಾಡಿ ಸುಳ್ಳು ಬಣ್ಣ ಕೊಡುತ್ತದೆ. ಕೊನೆಗೆ ನ್ಯಾಫ್ತೈಲ್ ಎಥಿಲೀನ್ ಡೈಅಮೀನ್ ಎಂಬ ಉದ್ದ ಹೆಸರಿನ ದ್ರಾವಣದ ಕೆಲವು ಹನಿ. ಅಲ್ಲಿಯವರೆಗೆ ಬಾವಿ ನೀರಿನ ಹಾಗಿದ್ದದ್ದು ನೋಡನೋಡುತ್ತಲೇ ಗುಲಾಬಿ, ಮತ್ತೆ ನೇರಳೆ ಹೊಳೆಯುವ ಗುಲಾಬಿಯಾಯಿತು.

ಪಕ್ಕದಲ್ಲಿ ಇನ್ನೂ ಆರು ಪಾತ್ರೆಗಳಿದ್ದವು. ಐದರಲ್ಲಿ ಶುದ್ಧ ಸಲ್ಫಾಡಿಮಿಡಿನ್ ಅನ್ನು ತೂಗಿ 1, 2, 3, 4, 5 ಮೈಕ್ರೋಗ್ರಾಂ ಲೆಕ್ಕದಲ್ಲಿ ಹಾಕಿ ಇದೇ ಬಣ್ಣ ಬರಿಸಿದ್ದಳು. ನಮ್ಮ ಲೋಟದ ಅರಿಶಿನದ ಹಾಗೆ. ಆರನೆಯದರಲ್ಲಿ ಎಲ್ಲ ದ್ರಾವಣಗಳೂ ಇವೆ, ಔಷಧ ಮಾತ್ರ ಇಲ್ಲ. ಇದನ್ನು ಬ್ಲ್ಯಾಂಕ್ ಎನ್ನುತ್ತಾರೆ. ಹಾಲಿನ ಕ್ಯಾನ್ ತೂಗುವಾಗ ಖಾಲಿ ಕ್ಯಾನಿನ ತೂಕ ಕಳೆಯುತ್ತೀರಲ್ಲ, ಇದೂ ಅದೇ. ಬ್ಲ್ಯಾಂಕ್ ಇಲ್ಲದೆ, ತೂಗಿ ಮಾಡಿದ ಹೋಲಿಕೆ ದ್ರಾವಣ ಇಲ್ಲದೆ ಯಾರಾದರೂ "ಬಣ್ಣ ಬಂತು, ಔಷಧಿ ಚೆನ್ನಾಗಿದೆ" ಎಂದರೆ ನಂಬಬೇಡಿ. ಅರ್ಧ ಔಷಧ ಇದ್ದರೂ ಬಣ್ಣ ಬಂದೇ ಬರುತ್ತದೆ.

ಉಪಕರಣದಲ್ಲಿ 1 ಮೈಕ್ರೋಗ್ರಾಮಿಗೆ 0.18, 2ಕ್ಕೆ 0.36, ಹೀಗೆ 5ಕ್ಕೆ 0.90 ತೋರಿಸಿತು. ನಮ್ಮ ಔಷಧ ಸರಿಯಾಗಿದ್ದರೆ 0.60 ಬರಬೇಕು. 0.45 ಬಂದರೆ ಮುಕ್ಕಾಲು ಭಾಗ ಮಾತ್ರ ಇದೆ ಎಂದರ್ಥ.

ಎಷ್ಟು ಬಂತು ಎನ್ನುವ ಮೊದಲು, ಈ ಸಂಖ್ಯೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂದು ಹೇಳಿಬಿಡುತ್ತೇನೆ.

ಬಣ್ಣ ಹೇಳದ ಸಂಗತಿಗಳು

1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡನ್ನು ಮಕ್ಕಳು ಕುಡಿಯಲು ಅನುಕೂಲವಾಗಲಿ ಎಂದು ಸಿಹಿ ದ್ರಾವಣವಾಗಿ ಮಾರಿದರು. 100ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಬಹಳ. ಬಾಟಲಿಯಲ್ಲಿ ಸಲ್ಫಾ ಇತ್ತು, ಬಣ್ಣದ ಪರೀಕ್ಷೆ ಮಾಡಿದ್ದರೆ ಗುಲಾಬಿ ಬರುತ್ತಿತ್ತು. ಕೊಂದದ್ದು ಔಷಧವಲ್ಲ, ಅದನ್ನು ಕರಗಿಸಲು ಬಳಸಿದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಮರುವರ್ಷವೇ ಆ ದೇಶ ಔಷಧ ಕಾನೂನನ್ನು ಬಿಗಿ ಮಾಡಿತು. ಬಣ್ಣ ನಾವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಸಲ್ಫಾ ಎಷ್ಟು ಎಂದರೆ ಇಷ್ಟು ಎನ್ನುತ್ತದೆ. ಜೊತೆಗೆ ಇನ್ನೇನಿದೆ ಎಂದು ಅದು ತಾನಾಗಿ ಹೇಳುವುದಿಲ್ಲ.

ಇನ್ನೊಂದು ಮೋಸ ನಮಗೆ ಹತ್ತಿರದ್ದು. ಪ್ರೊಕೇನ್ ಪೆನ್ಸಿಲಿನ್ ನಿಮಗೆಲ್ಲ ಗೊತ್ತು, ಪುಡಿಗೆ ನೀರು ಬೆರೆಸಿ ಕೊಡುವ ಬಿಳಿ ಇಂಜೆಕ್ಷನ್. ಅದರಲ್ಲಿರುವ ಪ್ರೊಕೇನ್ ಕೂಡ ಮೇಲೆ ಹೇಳಿದ ಪರೀಕ್ಷೆಯಲ್ಲಿ ಗುಲಾಬಿಯಾಗುತ್ತದೆ. ಆದರೆ ಪ್ರೊಕೇನ್ ರೋಗಾಣುವನ್ನು ಕೊಲ್ಲುವುದಿಲ್ಲ, ಕೊಲ್ಲುವುದು ಪೆನ್ಸಿಲಿನ್. ನೀರು ಬೆರೆಸಿದ ಬಾಟಲಿಯನ್ನು ಕಿಟಕಿಯಲ್ಲಿ ದಿನಗಟ್ಟಲೆ ಇಟ್ಟರೆ ಪೆನ್ಸಿಲಿನ್ ಒಡೆದುಹೋಗುತ್ತದೆ, ಪ್ರೊಕೇನ್ ಹಾಗೇ ಉಳಿಯುತ್ತದೆ. ಈ ಪರೀಕ್ಷೆಗೆ ಒಡ್ಡಿದರೆ ಬಣ್ಣ ಪೂರ್ತಿ ಬರುತ್ತದೆ, ರಾಸಿನ ಕೆಚ್ಚಲು ಬಾವು ಮಾತ್ರ ಇಳಿಯುವುದಿಲ್ಲ.

ಆದ್ದರಿಂದ ಪೆನ್ಸಿಲಿನ್‌ಗೆ ಬೇರೆ ಬಣ್ಣದ ಕ್ರಿಯೆ ಆರಿಸುತ್ತಾರೆ. ಪೆನ್ಸಿಲಿನ್‌ನ ಜೀವವಿರುವುದು ಅದರೊಳಗಿನ ಒಂದು ಸಣ್ಣ ಉಂಗುರದಲ್ಲಿ. ಹೈಡ್ರಾಕ್ಸಿಲಮೀನ್ ಎಂಬ ವಸ್ತು ಆ ಉಂಗುರವನ್ನು ಬಿಚ್ಚಿ ಅಂಟಿಕೊಳ್ಳುತ್ತದೆ. ಮೇಲೆ ಕಬ್ಬಿಣದ ಲವಣ ಹಾಕಿದರೆ ಕೆಂಪು-ನೇರಳೆ ಬಣ್ಣ. ನೀರು, ಬಿಸಿಲು ಸೇರಿ ಉಂಗುರ ಮೊದಲೇ ಒಡೆದಿದ್ದರೆ ಅಂಟಿಕೊಳ್ಳಲು ಜಾಗವೇ ಇಲ್ಲ, ಬಣ್ಣವೂ ಅಷ್ಟು ಕಡಿಮೆ. ಒಳ್ಳೆಯ ಬಣ್ಣದ ಪರೀಕ್ಷೆ ಎಂದರೆ ಇದು. ಔಷಧದ ಕೆಲಸ ಮಾಡುವ ಭಾಗವನ್ನೇ ಹಿಡಿದು ಬಣ್ಣ ಬರಿಸಬೇಕು.

ಕೆಲವು ಔಷಧ ಕೆಡುವಾಗ ತಾನೇ ಬಣ್ಣ ಬದಲಿಸುತ್ತದೆ. ಆಕ್ಸಿಟೆಟ್ರಾಸೈಕ್ಲಿನ್ ಬೆಳಕಿಗೆ ಬಿದ್ದರೆ ಕಂದು ಗಾಢವಾಗುತ್ತಾ ಹೋಗುತ್ತದೆ. ಅದಕ್ಕೇ ಕಂದು ಗಾಜಿನ ಬಾಟಲಿ, ಅದಕ್ಕೇ ರಟ್ಟಿನ ಡಬ್ಬಿ. ಡಬ್ಬಿಯನ್ನು ಅಂಗಡಿಯಲ್ಲೇ ಎಸೆದು ಬರುವವರಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೀಗೆ ಕಂದಾದ ಔಷಧವನ್ನು ಬಣ್ಣದಿಂದ ಅಳೆಯುವಾಗ ಆ ಹಳೇ ಕಂದನ್ನೂ ಕಳೆಯಬೇಕು, ಇಲ್ಲವಾದರೆ ಕೆಟ್ಟ ಔಷಧವೇ ಹೆಚ್ಚು ಅಂಕ ಪಡೆದುಬಿಡುತ್ತದೆ.

ಈ ಎಲ್ಲ ಕಾರಣಕ್ಕೆ ದೊಡ್ಡ ಪ್ರಯೋಗಾಲಯಗಳು ಈಗ ಬಹುಮಟ್ಟಿಗೆ, ದ್ರಾವಣದಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬಳಸುತ್ತವೆ. ಆದರೂ ಕಡಿಮೆ ಖರ್ಚಿನಲ್ಲಿ, ಸಣ್ಣ ಪ್ರಯೋಗಾಲಯದಲ್ಲಿ, ಒಂದು ಮಧ್ಯಾಹ್ನದೊಳಗೆ ಉತ್ತರ ಬೇಕೆಂದರೆ ಬಣ್ಣದ ವಿಧಾನಕ್ಕೆ ಇನ್ನೂ ಬೆಲೆಯಿದೆ.

ನಮ್ಮ ಬಾಟಲಿಯ ಫಲಿತಾಂಶ

ಸೀಲ್ ಇದ್ದ ಬಾಟಲಿಯ ಅಂಕಿ 0.59. ಲೆಕ್ಕ ಹಾಕಿದರೆ ಲೇಬಲ್ ಹೇಳಿದ್ದರ ಶೇ. 98. ನಾನು ಬಳಸಿ ಉಳಿಸಿದ್ದ ಬಾಟಲಿಯದೂ ಹೆಚ್ಚುಕಡಿಮೆ ಅಷ್ಟೇ. ಔಷಧವನ್ನು ಅವಲಂಬಿಸಿ ಸಾಮಾನ್ಯವಾಗಿ ಲೇಬಲ್‌ನ ಶೇ. 95ರಿಂದ 105 ಅಥವಾ 90ರಿಂದ 110ರೊಳಗೆ ಇದ್ದರೆ ಸರಿ ಎಂದು ಒಪ್ಪುತ್ತಾರೆ. ನಮ್ಮದರಲ್ಲಿ ಹುಡುಕಲು ತಪ್ಪೇ ಇರಲಿಲ್ಲ.

ಸ್ನೇಹಿತೆ ಕೈ ತೊಳೆಯುತ್ತಾ ಕೇಳಿದಳು, "ಹಸು ಎಷ್ಟು ಕೆ.ಜಿ. ಇತ್ತು?"

ನಾನು 300 ಎಂದೆ. "ತೂಗಿದ್ದೆಯಾ?" ಎಂದಳು. ತೂಗಿರಲಿಲ್ಲ. ಮಳೆಯಲ್ಲಿ, ಮಬ್ಬು ಬೆಳಕಿನಲ್ಲಿ, ಕಾಲು ಎತ್ತಿ ಕುಗ್ಗಿ ನಿಂತ ಹಸುವನ್ನು ನೋಡಿ ಕಣ್ಣಂದಾಜಿನಲ್ಲಿ ಹಾಕಿದ ತೂಕ ಅದು. ಮರುದಿನ ಟೇಪು ಹಿಡಿದು ಹೋದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ 70 ಇಂಚು. ಭುಜದ ಮೂಳೆ ತುದಿಯಿಂದ ಬಾಲದ ಪಕ್ಕದ ಗುಬ್ಬಿಮೂಳೆಯವರೆಗೆ ಉದ್ದ 54 ಇಂಚು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕದ ಅಂದಾಜು ತೂಕ ಸಿಗುತ್ತದೆ. 70 ಗುಣಿಸು 70, ಗುಣಿಸು 54, ಭಾಗಿಸು 660. ಬಂದದ್ದು ಸುಮಾರು 400.

ಔಷಧದ ಪ್ರಮಾಣ ದೇಹದ ತೂಕದ ಮೇಲೆ ನಿಂತಿದೆ. 400 ಕೆ.ಜಿ. ಹಸುವಿಗೆ ನಾನು 300 ಕೆ.ಜಿ.ಯ ಔಷಧ ಕೊಟ್ಟಿದ್ದೆ, ಅಂದರೆ ಮುಕ್ಕಾಲು. ಬಾಟಲಿಯಲ್ಲಿ ಮುಕ್ಕಾಲು ಔಷಧ ಇದ್ದು ನಾನು ಪೂರ್ತಿ ಕೊಟ್ಟಿದ್ದರೂ ಹಸುವಿನ ರಕ್ತಕ್ಕೆ ಸೇರುತ್ತಿದ್ದದ್ದು ಅಷ್ಟೇ. ಗಿಣ್ಣಿಗೆ ಏರಿದ ಸೋಂಕಿಗೆ ಅದೊಂದೇ ಕಾರಣ ಎಂದು ಸಾಧಿಸಲು ನನ್ನಿಂದಾಗದು, ಕೆಸರೂ ಇತ್ತು, ನನ್ನನ್ನು ಕರೆಯುವಷ್ಟರಲ್ಲಿ ಎರಡು ದಿನವೂ ಕಳೆದಿತ್ತು. ಆದರೆ ಯಾರನ್ನು ಅನುಮಾನಿಸಿ ಪ್ರಯೋಗಾಲಯಕ್ಕೆ ಹೋಗಿದ್ದೆನೋ ಅವರಲ್ಲಿ ತಪ್ಪಿರಲಿಲ್ಲ, ನನ್ನಲ್ಲಿತ್ತು. ಔಷಧ ಬದಲಿಸಿ, ತೂಕಕ್ಕೆ ಸರಿಯಾಗಿ ಕೊಟ್ಟು ಹಸುವನ್ನು ಉಳಿಸಿದೆವು. ಕೀಲಿಗೆ ತಲುಪಿದ್ದ ಸೋಂಕಿನಿಂದ ಸ್ವಲ್ಪ ಕುಂಟು ಉಳಿಯಿತು. ಆ ಸೂಲಿನಲ್ಲಿ ಹಾಲು 14ಕ್ಕೆ ಮತ್ತೆ ಏರಲಿಲ್ಲ. ಆ ರೈತರಿಗೆ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೇಪು ಒಂದು ನಮ್ಮ ಸಂಘದಲ್ಲೂ ಇಡ್ಸಿ" ಎಂದರು. ಇಡಿಸಿದ್ದೇವೆ. ನನ್ನ ಚೀಲದಲ್ಲೂ ಈಗ ಒಂದು ಇದೆ. ನಾನು ಮರೆತರೆ ನೀವೇ ಕೇಳಿ ತೆಗೆಸಿ, ಬೇಸರ ಮಾಡಿಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. "ಔಷಧಿಯಲ್ಲಿ ದಮ್ಮಿಲ್ಲ" ಎಂದುಕೊಂಡು ನೀವೇ ಇನ್ನೆರಡು ಮಾತ್ರೆ ಜಾಸ್ತಿ ತಿನ್ನಿಸಬೇಡಿ. ಔಷಧ ಸರಿಯಾಗಿಯೇ ಇದ್ದರೆ ಹೆಚ್ಚಾದದ್ದು ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಆಂಟಿಬಯೋಟಿಕ್ ಉಳಿಕೆ ಹುಡುಕುವ ಒಂದು ಪರೀಕ್ಷೆಯೂ ಬಣ್ಣದ್ದೇ, ಆದರೆ ತಿರುಗುಮುರುಗು. ನೇರಳೆ ಬಣ್ಣದ ಮಾಧ್ಯಮದಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಒಳ್ಳೆಯ ಹಾಲಿನಲ್ಲಿ ಅದು ಬೆಳೆದು ಹುಳಿ ಮಾಡಿ ಹಳದಿಗೆ ತಿರುಗಿಸುತ್ತದೆ. ಉಳಿಕೆ ಇದ್ದರೆ ಬ್ಯಾಕ್ಟೀರಿಯಾ ಬೆಳೆಯಲಾರದು, ಬಣ್ಣ ನೇರಳೆಯಾಗಿಯೇ ಉಳಿಯುತ್ತದೆ. ಒಬ್ಬರ ಒಂದು ಕ್ಯಾನಿನಿಂದ ಇಡೀ ಟ್ಯಾಂಕರ್ ಹಾಲು ನಿಲ್ಲಬಹುದು. ಲೇಬಲ್ ಮೇಲೆ ಹಾಲು ಹಾಕಬಾರದ ದಿನಗಳು ಎಷ್ಟೆಂದು ಬರೆದಿರುತ್ತದೆ, ಚಿಕಿತ್ಸೆ ಕೊಟ್ಟವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಅನುಮಾನ ನಿಜವಾಗಿಯೂ ಬಲವಾಗಿದ್ದರೆ ದಾರಿಯಿದೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಂ ಪ್ರಕಾರ, ಔಷಧ ಖರೀದಿಸಿದ ಯಾವುದೇ ವ್ಯಕ್ತಿ ಅರ್ಜಿ ಮತ್ತು ನಿಗದಿತ ಶುಲ್ಕದೊಂದಿಗೆ ಅದನ್ನು ಸರ್ಕಾರಿ ವಿಶ್ಲೇಷಕರಿಗೆ ಕೊಟ್ಟು ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಈ ಹಕ್ಕು ಆಸ್ಪತ್ರೆಗೆ, ಕಂಪನಿಗೆ ಮಾತ್ರ ಎಂದು ತಿಳಿಯಬೇಡಿ, ನಿಮಗೂ ಇದೆ. ನಿಮ್ಮ ಜಿಲ್ಲೆಯ ಔಷಧ ನಿರೀಕ್ಷಕರಿಗೂ ದೂರು ಕೊಡಬಹುದು, ಅರ್ಜಿ ಬರೆಯಲು ಶಿಬಿರ ಕಚೇರಿಯಲ್ಲಿ ನಾವು ನೆರವಾಗುತ್ತೇವೆ. ಅದಕ್ಕೆ ನಿಮ್ಮ ಬಳಿ ಇರಬೇಕಾದದ್ದು ಖರೀದಿಯ ಬಿಲ್ಲು, ಬ್ಯಾಚ್ ಸಂಖ್ಯೆ ಓದಲು ಬರುವ ಲೇಬಲ್, ಸಾಧ್ಯವಾದರೆ ಅದೇ ಬ್ಯಾಚಿನ ಸೀಲ್ ಒಡೆಯದ ಬಾಟಲಿ. ಬಳಸಿ ಉಳಿದದ್ದನ್ನು ತೊಳೆಯಬೇಡಿ, ಬೇರೆ ಬಾಟಲಿಗೆ ಸುರಿಯಬೇಡಿ. ಡಬ್ಬಿಯ ಸಮೇತ, ಬಿಸಿಲು ತಾಗದ ತಂಪು ಜಾಗದಲ್ಲಿಟ್ಟು, ಕೊಟ್ಟ ದಿನಾಂಕ ಮತ್ತು ರಾಸಿನ ಕಿವಿಯೋಲೆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿ ನಮಗೆ ಫೋನ್ ಮಾಡಿ.